ಬಣ್ಣ ತೆಗೆದು ಹೆಸರು ಹೇಳುವುದು

ಕಪ್ಪು ಸ್ಯಾಟಿನ್ ಬಟ್ಟೆ ಕಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಅಂಗಡಿಯಲ್ಲಿ ಥಾನು ಬಿಚ್ಚಿ ತೋರಿಸುವವನದೇನೂ ತಪ್ಪಿಲ್ಲ, ಬಟ್ಟೆಯದೂ ತಪ್ಪಿಲ್ಲ. ಆದರೂ ನಾನು ಹುಬ್ಬು ಗಂಟಿಕ್ಕಿ ಬೇರೆ ತೋರಿಸಿ ಎನ್ನುತ್ತೇನೆ. ನನ್ನ ಸಿಟ್ಟು ಬೇಗ ಬರುತ್ತದೆ, ಬೇಗ ಹೋಗುತ್ತದೆ ಎಂದು ನನ್ನನ್ನು ಬಲ್ಲವರು ಹೇಳುವುದುಂಟು. ಹೋಗದೆ ಉಳಿದ ಸಿಟ್ಟು ಒಂದೇ ಒಂದು. ಅದು ಹುಟ್ಟಿದ್ದು ಹೈದರಾಬಾದಿನ ನಮ್ಮ ಮನೆಯ ಹಾಲಿನಲ್ಲಿ, ನಾನೇ ಕೈಯಾರೆ ಕಟ್ಟಿದ ಕಪ್ಪು ಪರದೆಗಳ ನಡುವೆ.

ಗಚ್ಚಿಬೌಲಿಯ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ಅಂಥದೊಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಟೀಮ್ ಲೀಡ್ ಆಗಿದ್ದವಳು ನಾನು. ಹೊರದೇಶದ ಒಂದು ವಿಮಾ ಕಂಪನಿಗೆ ನಾವು ಸಾಫ್ಟ್‌ವೇರ್ ಬರೆದುಕೊಡುತ್ತಿದ್ದೆವು. ಹತ್ತು ಹನ್ನೆರಡು ಜನರ ಟೀಮು. ಒಬ್ಬೊಬ್ಬರನ್ನೂ ನಾನೇ ಆರಿಸಿಕೊಂಡಿದ್ದೆ, ನಾನೇ ಬೈದು ತಿದ್ದಿದ್ದೆ. ಅವರ ಮನೆಯ ಜ್ವರ, ಮದುವೆ, ಮುನಿಸು ಎಲ್ಲವೂ ನನಗೆ ಗೊತ್ತಿತ್ತು. ಕೆಲಸದ ಮೊದಲ ಹಂತ ಮುಗಿದಾಗ ಗಿರಾಕಿಗಳು ಬಹಳ ಖುಷಿಯಾಗಿದ್ದರು. ಎರಡನೇ ಹಂತವನ್ನೂ ನಿಮಗೇ ಕೊಡುತ್ತೇವೆ, ಆದರೆ ಇದೇ ಜನ ಇರಬೇಕು ಎಂದು ಷರತ್ತು ಹಾಕಿದರು. ಆಗ ಕಂಪನಿ ಬದಲಿಸುವುದು ಮೆಹದಿಪಟ್ಟಣಂನಲ್ಲಿ ಬಸ್ಸು ಬದಲಿಸಿದಷ್ಟು ಸಲೀಸಾಗಿತ್ತು. ಅದಕ್ಕೇ ನಮ್ಮ ಮ್ಯಾನೇಜರ್ ನನ್ನನ್ನು ಕೂರಿಸಿಕೊಂಡು, ಇವರೆಲ್ಲ ನಿಲ್ಲುತ್ತಾರಾ ಎಂದು ಕೇಳಿದರು. ನಿಲ್ಲುತ್ತಾರೆ, ಅದು ನನ್ನ ಜವಾಬ್ದಾರಿ ಎಂದು ನಾನು ಮಾತು ಕೊಟ್ಟೆ. ಎದೆ ತಟ್ಟಿಕೊಂಡೇ ಕೊಟ್ಟೆ.

ಆ ಟೀಮಿನಲ್ಲಿ ಒಬ್ಬಳು ನನ್ನ ಜೀವದ ಗೆಳತಿ. ಕಲಬುರ್ಗಿಯವಳು. ಮೊದಲು ಕಂಡದ್ದು ಕಂಪನಿಯ ಬಸ್ಸಿನಲ್ಲಿ. ಫೋನಿನಲ್ಲಿ ಯಾರನ್ನೋ ಅಚ್ಚ ಕನ್ನಡದಲ್ಲಿ ಝಾಡಿಸುತ್ತಿದ್ದಳು. ಸುತ್ತ ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯ. ಹಿಂದಿನ ಸೀಟಿನಲ್ಲಿದ್ದ ನಾನು ನಕ್ಕುಬಿಟ್ಟೆ. ಅವತ್ತಿನಿಂದ ಒಂದೇ ಸೀಟು, ಒಂದೇ ಡಬ್ಬಿ. ನಾವು ಗದಗಿನ ಕಡೆಯವರು. ನಾನು "ಐತಿ" ಎಂದರೆ ಅವಳು "ಅದ" ಎನ್ನುತ್ತಿದ್ದಳು. ಯಾರದು ಶುದ್ಧ ಎಂದು ಜಗಳವಾಡುತ್ತ ಗಚ್ಚಿಬೌಲಿ ಮುಟ್ಟುತ್ತಿದ್ದೆವು. ಅವಳು ಹಾಸ್ಟೆಲಿನಲ್ಲಿದ್ದದ್ದರಿಂದ ವಾರದ ಕೊನೆಗೆ ನಮ್ಮ ಮನೆಗೇ ಬರುತ್ತಿದ್ದಳು. ನನ್ನ ಅವ್ವನನ್ನು ಚಿಕ್ಕಮ್ಮನೆಂಬಂತೆ ಕಾಕು ಎಂದು ಕರೆಯುತ್ತಿದ್ದಳು. ಅವ್ವ ನನಗೆ ಎರಡು ರೊಟ್ಟಿ ಹಾಕಿದರೆ ಅವಳಿಗೆ ಕೇಳದೇ ಮೂರು ಹಾಕುತ್ತಿದ್ದಳು.

ಕೆಲಸದ ಮೇಲೆ ಅವಳನ್ನು ಯುರೋಪಿಗೆ ಕಳಿಸಿದ್ದೂ ನಾನೇ. ಮೂರು ತಿಂಗಳು ಅಲ್ಲಿದ್ದು ಬಂದವಳು ಕ್ಯಾಂಟೀನಿನಲ್ಲಿ ಆಪೆರಾ ನೋಡಿದ ಕಥೆ ಹೇಳಿದಳು. ಕೆಂಪು ಮಖಮಲ್ಲಿನ ಕುರ್ಚಿಗಳಂತೆ. ಮೂರು ಅಂತಸ್ತಿನ ಗ್ಯಾಲರಿಯಂತೆ. ಕಪ್ಪು ನಿಲುವಂಗಿ ತೊಟ್ಟು ಮುಖವಾಡ ಹಾಕಿದವರು ರಂಗದ ತುಂಬ ಕುಣಿದರಂತೆ. ದಪ್ಪನೆಯ ಹೆಂಗಸೊಬ್ಬಳು ಸಾಯುತ್ತ ಸಾಯುತ್ತ ಅರ್ಧ ತಾಸು ಹಾಡಿದಳಂತೆ.

"ಇದೇನು ದೊಡ್ಡದು? ನಮ್ಮ ಕಡೆ ಕಂಪನಿ ನಾಟಕದಾಗ ಸತ್ತಂವ ಒನ್ಸ್ ಮೋರ್ ಅಂದ್ರ ಎದ್ದು ನಿಂತು, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸಾಯ್ತಿದ್ದ," ಎಂದೆ ನಾನು.

ಗೆಳತಿ ಅದನ್ನು ಇಂಗ್ಲಿಷಿನಲ್ಲಿ ಉಳಿದವರಿಗೂ ಹೇಳಿದಳು, ಎಲ್ಲರೂ ನಕ್ಕರು. ಆ ನಗುವಿನಲ್ಲೇ ಯೋಚನೆ ಹುಟ್ಟಿತು. ಮೊದಲ ಹಂತ ಮುಗಿದ ಸಂಭ್ರಮಕ್ಕೆ ಒಂದು ಆಪೆರಾ ಕೂಟ ಮಾಡುವುದು, ಎಲ್ಲರೂ ಮುಖವಾಡ ಹಾಕಿಕೊಂಡು ಬರುವುದು, ಬಾಲ್ ಡಾನ್ಸು ಮಾಡುವುದು. ಗೋಥಿಕ್ ಆಗಿರಬೇಕು ಎಂದಳು ಅವಳು. ಹಾಗೆಂದರೇನು ಎಂದು ಯಾರೋ ಕೇಳಿದರು. ದೆವ್ವದ ಬಂಗಲೆಯ ಹಾಗೆ, ಆದರೆ ದೆವ್ವ ಶ್ರೀಮಂತ ಇರಬೇಕು, ಅಷ್ಟೇ ಎಂದಳು. ಹೋಟೆಲಿನಲ್ಲಿ ಇಂಥ ಹುಚ್ಚಾಟಕ್ಕೆ ಯಾರು ಬಿಡುತ್ತಾರೆ? ನಮ್ಮ ಮನೆಯ ಹಾಲು ದೊಡ್ಡದಿದೆ, ಅಲ್ಲೇ ಮಾಡೋಣ ಎಂದವಳು ನಾನು. ಯಾರೂ ನನ್ನನ್ನು ಕೇಳಿರಲಿಲ್ಲ. ಒಟ್ಟಿಗೆ ಒಂದು ಹುಚ್ಚು ಕೆಲಸ ಮಾಡಿದವರು ಬಿಟ್ಟುಹೋಗುವುದಿಲ್ಲ ಎಂಬ ಲೆಕ್ಕಾಚಾರವೂ ನನ್ನ ತಲೆಯಲ್ಲಿ ಇತ್ತು, ಸುಳ್ಳೇಕೆ ಹೇಳಲಿ.

ಮೊದಲ ತಕರಾರು ಅವ್ವನದು.

"ಮನ್ಯಾಗ ಕರೀ ಬಟ್ಟಿ ಕಟ್ಟತಾರೇನವಾ? ಯಾರರ ಏನಂದಾರು?"

"ದೆವ್ವದ ಬಂಗಲಿ ಮಾಡಾಕತ್ತೀವಿ ಅವ್ವಾ."

"ಮತ್ತ ದೇವರ ಮನಿ ಎಲ್ಲಿಡ್ಲಿ?"

ಕೊನೆಗೆ ಗೆಳತಿಯೇ ಸಂಧಾನ ಮಾಡಿದಳು. "ಕಾಕು, ದೇವರ ಮನಿ ಬಾಗಲಾ ಮುಚ್ಚೇ ಇಡಮು. ಪರದಿಗೆ ಕೆಂಪು ಅಂಚು ಹಚ್ಚಮು. ಪೂರಾ ಕರಿ ಇರಂಗಿಲ್ಲ." ಅವ್ವ ಅವಳ ಮಾತಿಗೆ ಒಪ್ಪುತ್ತಿದ್ದಳು, ನನ್ನ ಮಾತಿಗೆ ಒಪ್ಪುತ್ತಿರಲಿಲ್ಲ. ಒಪ್ಪಿದ ಮೇಲೂ ಬಟ್ಟೆ ಮನೆಗೆ ಬಂದ ದಿನ ಎಲ್ಲ ತುಂಡುಗಳ ಮೂಲೆಗೂ ಕುಂಕುಮ ಹಚ್ಚಿಯೇ ಒಳಗೆ ಬಿಟ್ಟಳು.

ಇನ್ನೊಂದು ತೊಡಕು ಹೊತ್ತಿನದು. ಹಾಸ್ಟೆಲಿನ ಹುಡುಗಿಯರು ದೀಪ ಹಚ್ಚುವ ಹೊತ್ತಿಗೆಲ್ಲ ಗೇಟು ಸೇರಬೇಕು. ಮದುವೆಯಾದವರಿಗೆ ಮನೆಯ ಕಾಟ. ಹೀಗಾಗಿ ಜಗತ್ತಿನಲ್ಲೆಲ್ಲ ರಾತ್ರಿ ನಡೆಯುವ ಕೂಟವನ್ನು ನಾವು ರವಿವಾರ ಮಧ್ಯಾಹ್ನ ಊಟವಾದ ಮೇಲೆ ಇಟ್ಟುಕೊಂಡೆವು. ಕಿಟಕಿ, ಬಾಲ್ಕನಿ ಎಲ್ಲಕ್ಕೂ ಕಪ್ಪು ಬಟ್ಟೆ ಜಡಿದು ಕತ್ತಲೆ ಮಾಡುವುದು, ಮೇಣದಬತ್ತಿ ಹಚ್ಚುವುದು. ಹೊರಗೆ ಮೆಹದಿಪಟ್ಟಣಂನ ಬಿಸಿಲು ರಣಗುಡುತ್ತಿದ್ದರೂ ಒಳಗೆ ನಡುರಾತ್ರಿ.

ಶನಿವಾರಗಳಂದು ಎಲ್ಲರೂ ನಮ್ಮ ಮನೆಯಲ್ಲಿ ಸೇರಿ ಮುಖವಾಡ ಮಾಡತೊಡಗಿದರು. ಬಲೂನು ಊದಿ, ಅದರ ಮೇಲೆ ಗಂಜಿ ಹಚ್ಚಿದ ಪೇಪರಿನ ಚೂರುಗಳನ್ನು ಅಂಟಿಸಿ, ಒಣಗಿಸಿ, ಅರ್ಧಕ್ಕೆ ಕತ್ತರಿಸಿ, ಕಣ್ಣು ಕೊರೆಯುವುದು. ಚಾರ್ಮಿನಾರಿನ ಹತ್ತಿರದ ಗಲ್ಲಿಯಿಂದ ಜರಿ, ಹೊಳೆಯುವ ಟಿಕಳಿ, ನವಿಲುಗರಿ ತಂದಿದ್ದೆವು. ಅವ್ವ ಮಂಡಕ್ಕಿ ಕಲಸಿ ಗಿರಮಿಟ್ ಮಾಡಿ ಹಾಕುತ್ತಿದ್ದಳು. ಒಬ್ಬ ತೆಲುಗು ಹುಡುಗ ಬಿಳಿ ಅಂಗಿ, ಟೈ, ಹೊಳೆಯುವ ಬೂಟು ಹಾಕಿಕೊಂಡು ಬಂದು ಗಂಜಿಯಲ್ಲಿ ಕೈ ಅದ್ದಿದ. ಮುಂದಿನ ಶನಿವಾರ ಇನ್ನಿಬ್ಬರು ಹಾಗೇ ಬಂದರು. ಮುಖವಾಡಕ್ಕೆ ಬಣ್ಣ ಬಳಿಯಲು ಮದುಮಗನ ಹಾಗೆ ಬಂದಿದ್ದೀರಲ್ಲ ಎಂದು ನಾನು ಗೇಲಿ ಮಾಡಿದೆ. ಅವರು ನನ್ನ ಮುಖ ನೋಡಿ ನಕ್ಕರು. ನಾನೂ ನಕ್ಕೆ. ಆ ತಿಂಗಳು ಟೀಮಿನಲ್ಲಿ ಜ್ವರವೂ ಸರದಿ ಹಿಡಿದು ಬಂತು. ಇವತ್ತು ಇವನಿಗೆ, ನಾಳೆ ಅವಳಿಗೆ, ಒಂದೇ ದಿನದ ಜ್ವರ. ಅವ್ವನಿಗೆ ಹೇಳಿ ಕಷಾಯ ಮಾಡಿಸಿ ಫ್ಲಾಸ್ಕಿನಲ್ಲಿ ಒಯ್ದು ಕುಡಿಸಿದ ಮಂಗ ನಾನು.

ನಾನು ಕೋಣೆಗೆ ಬಂದರೆ ಒಮ್ಮೊಮ್ಮೆ ಮಾತು ನಿಲ್ಲುತ್ತಿತ್ತು. ಅದನ್ನು ಕೇಳಿದ್ದಕ್ಕೆ ಗೆಳತಿ, "ನಿಂಗ ಏನೋ ಸರ್ಪ್ರೈಜ್ ಮಾಡ್ಲಕತ್ತಾರ, ಕೇಳಬ್ಯಾಡ," ಎಂದಳು. ಅಷ್ಟು ಸಾಕಾಯಿತು ನನಗೆ.

ಬಾಲ್ ಡಾನ್ಸು ಯಾರಿಗೂ ಬರುತ್ತಿರಲಿಲ್ಲ. ಅವಳು ತಂದ ಸಿ.ಡಿ. ಹಾಕಿ, ಒನ್ ಟೂ ತ್ರೀ ಎಂದು ಎಣಿಸುತ್ತ ಒಬ್ಬರ ಕಾಲು ಒಬ್ಬರು ತುಳಿದೆವು. ಹಾಡು ಇಟಲಿಯದೋ ಜರ್ಮನಿಯದೋ, ನಮಗೆ ಎಲ್ಲವೂ ಒಂದೇ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವ್ವ, "ಕೋಲಾಟ ಆಡಾಕ ಬಂದು ಕೋಲು ಮರತಂಗ ಐತಿ," ಎಂದಳು.

ಇಷ್ಟೆಲ್ಲದರಲ್ಲಿ ನನ್ನದೇ ಎಂದು ನಾನು ಸೇರಿಸಿದ್ದು ಒಂದೇ ಸಂಗತಿ. ನನ್ನ ಅಪ್ಪ ಬಾಲಾನಗರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಅಲ್ಲಿದ್ದ ಕನ್ನಡದವರೆಲ್ಲ ಸೇರಿ ವರ್ಷಕ್ಕೊಮ್ಮೆ ಕ್ವಾರ್ಟರ್ಸಿನ ಹಾಲಿನಲ್ಲಿ ಸಂಗೀತ ನಾಟಕ ಆಡುತ್ತಿದ್ದರು. ಅವರದೊಂದು ಪದ್ಧತಿ ಇತ್ತು. ಬೇರೆಲ್ಲೂ ನಾನು ಅದನ್ನು ಕಂಡಿಲ್ಲ. ನಾಟಕ ಮುಗಿದ ಕೂಡಲೇ ಪಾತ್ರಧಾರಿಗಳು ಬಣ್ಣದ ಕೋಣೆಗೆ ಹೋಗುತ್ತಿರಲಿಲ್ಲ. ದೀಪಗಳನ್ನೆಲ್ಲ ಹಚ್ಚಿಸಿ, ಪರದೆಯ ಮುಂದೆ ಸಾಲಾಗಿ ನಿಂತು, ಎಣ್ಣೆ ಬಟ್ಟೆಯಿಂದ ಮುಖ ಒರೆಸಿಕೊಂಡು, ಒಬ್ಬೊಬ್ಬರೇ ತಮ್ಮ ಹೆಸರು ಮತ್ತು ಕಾರ್ಖಾನೆಯ ಯಾವ ವಿಭಾಗ ಎಂಬುದನ್ನು ಹೇಳುತ್ತಿದ್ದರು. ಅಲ್ಲಿಯವರೆಗೆ ರಾವಣನಾಗಿ ಅಬ್ಬರಿಸಿದವನು ಹೆಸರು ಹೇಳಿ, "ಟೂಲ್ ರೂಮು" ಎಂದು ಮೆತ್ತಗೆ ಅನ್ನುತ್ತಿದ್ದ. ದ್ರೌಪದಿ "ಪೇಂಟ್ ಶಾಪು" ಎನ್ನುತ್ತಿದ್ದಳು, ಅಂದರೆ ಎನ್ನುತ್ತಿದ್ದ. ಹೆಂಗಸರು ಒಬ್ಬೊಬ್ಬರಿಗೂ ಆರತಿ ಎತ್ತಿ ಕುಂಕುಮ ಇಡುತ್ತಿದ್ದರು. ಬಣ್ಣ ಹಚ್ಚಿದವನು ಬಣ್ಣದಲ್ಲೇ ಮನೆಗೆ ಹೋಗಬಾರದು, ನಾಲ್ಕು ಜನರ ಮುಂದೆ ತಾನು ಯಾರೆಂದು ಹೇಳಿಯೇ ಹೋಗಬೇಕು ಎಂಬುದು ಅವರ ನಿಯಮ.

ನಮ್ಮ ಕೂಟದ ಕೊನೆಗೂ ಹೀಗೇ ಮಾಡೋಣ ಎಂದೆ. ಮುಖವಾಡ ತೆಗೆದು, ಹೆಸರು ಹೇಳಿ, ಕೆಲಸ ಎಲ್ಲಿ ಎಂದು ಹೇಳುವುದು. ಎಲ್ಲರಿಗೂ ಇದು ಬಹಳ ಹಿಡಿಸಿತು. ಗೆಳತಿಗೆ ಮಾತ್ರ ಹಿಡಿಸಲಿಲ್ಲ.

"ಬ್ಯಾಡ ಬಿಡು. ಖರೇ ಆಪೆರಾದಾಗ ಹಂಗ ಮಾಡಂಗಿಲ್ಲ. ಮುಖವಾಡದ ಮಜಾನೇ ಹೋಗ್ತದ."

"ಖರೇ ಆಪೆರಾದಾಗ ಗಿರಮಿಟ್ಟೂ ಇರಂಗಿಲ್ಲ," ಎಂದೆ.

ಅವಳು ಮತ್ತೂ ಒಮ್ಮೆ ವಾದಿಸಿದಳು, ಆಮೇಲೆ ಬಿಟ್ಟುಕೊಟ್ಟಳು. ಯುರೋಪು ನೋಡಿ ಬಂದವಳಿಗೆ ನಮ್ಮ ಬಾಲಾನಗರ ಸಪ್ಪೆ ಅನ್ನಿಸಿರಬೇಕು ಎಂದುಕೊಂಡೆ. ಸ್ವಲ್ಪ ಬೇಜಾರೂ ಆಯಿತು.

ಆ ರವಿವಾರ ಬಂತು. ಹಾಲಿನ ಗುರುತೇ ಸಿಗದ ಹಾಗೆ ಮಾಡಿದ್ದೆವು. ಟಿ.ವಿ. ಮೇಲೆ ಕಪ್ಪು ಬಟ್ಟೆ. ಷೋಕೇಸಿನಲ್ಲಿ ಗೊಂಬೆಗಳ ಬದಲು ಮೇಣದಬತ್ತಿ. ಫ್ಯಾನು ಹಾಕಿದರೆ ಬತ್ತಿ ಆರುತ್ತದೆ ಎಂದು ಫ್ಯಾನು ಬಂದ್. ಶ್ರೀಮಂತ ದೆವ್ವಗಳು ಎಲ್ಲರೂ ಬೆವರಿನಲ್ಲಿ ತೊಯ್ದುಹೋದೆವು. ಒಬ್ಬೊಬ್ಬರೇ ಬಾಗಿಲು ದಾಟಿ ಬಂದರು. ಗೂಬೆ, ನರಿ, ನವಿಲು, ಅರ್ಧ ನಗುವ ಮುಖ, ಉದ್ದ ಮೂಗಿನ ವೈದ್ಯ. ಕೆಲವರು ಪದವಿ ಪ್ರದಾನದ ಕಪ್ಪು ಗೌನು ಎಲ್ಲಿಂದಲೋ ಬಾಡಿಗೆಗೆ ತಂದಿದ್ದರು. ನಾನು ಅವ್ವನ ಕಡುಗೆಂಪು ಇಳಕಲ್ ಸೀರೆಯ ಮೇಲೆ ಬೆಳ್ಳಿ ಬಣ್ಣದ ಮುಖವಾಡ ಹಾಕಿದ್ದೆ. ಗೆಳತಿಯದು ಕಪ್ಪು ಬೆಕ್ಕು. ಕುಣಿದೆವು. ಕಾಲು ತುಳಿದುಕೊಂಡೆವು. ಟೈ ಕಟ್ಟಿ ಬರುತ್ತಿದ್ದ ಆ ತೆಲುಗು ಹುಡುಗ ಕುರ್ಚಿಯ ಮೇಲೆ ಹತ್ತಿ, ಊರ ಮದುವೆಯ ಹಾಡೊಂದನ್ನು ಆಪೆರಾ ದನಿಯಲ್ಲಿ ಎಳೆದೆಳೆದು ಹಾಡಿ ಸತ್ತುಬಿದ್ದ. ಒನ್ಸ್ ಮೋರ್ ಎಂದೆವು, ಎದ್ದು ಇನ್ನೊಮ್ಮೆ ಸತ್ತ. ನಗುತ್ತ ನಗುತ್ತ ನನಗೆ ಮುಖವಾಡದೊಳಗೆ ಕಣ್ಣೀರು ಬಂತು. ಇಷ್ಟು ಒಳ್ಳೆಯ ಜನ ನನಗೆ ಸಿಕ್ಕರಲ್ಲ ಎಂದು ಮನಸ್ಸು ತುಂಬಿತ್ತು.

ಚಹಾ ಆದ ಮೇಲೆ ನಾನೇ ಬಾಲ್ಕನಿಯ ಪರದೆ ಸರಿಸಿದೆ. ಬಿಸಿಲು ಒಮ್ಮೆಲೇ ಒಳಗೆ ನುಗ್ಗಿ ಎಲ್ಲರೂ ಕಣ್ಣು ಕಿರಿದು ಮಾಡಿದರು. ಅವ್ವ ಆರತಿಯ ತಟ್ಟೆ ಹಿಡಿದು ಬಂದು ನಿಂತಳು. ನಾನು ಕುಂಕುಮದ ಭರಣಿ ಹಿಡಿದು ಪಕ್ಕದಲ್ಲಿ ನಿಂತೆ.

ಮೊದಲು ಬಂದವನು ಆ ಹಾಡುಗಾರನೇ. ಮುಖವಾಡ ತೆಗೆದ. ಹೆಸರು ಹೇಳಿದ. ಆಮೇಲೆ ಇಂಗ್ಲಿಷಿನಲ್ಲಿ ಒಂದು ಕಂಪನಿಯ ಹೆಸರು ಹೇಳಿದ. ಅದು ನಮ್ಮ ಕಂಪನಿ ಅಲ್ಲ. ನಮ್ಮ ರಸ್ತೆಯ ಆ ತುದಿಯಲ್ಲಿ ಹೊಸದಾಗಿ ಬಂದ ಕಂಪನಿ. ಎಲ್ಲರೂ ಚಪ್ಪಾಳೆ ಹೊಡೆದು ನಕ್ಕರು. ನಾನೂ ತಮಾಷೆ ಎಂದು ನಕ್ಕೆ. ಅವ್ವ ಆರತಿ ಎತ್ತಿದಳು, ನಾನು ಕುಂಕುಮ ಇಟ್ಟೆ. ಎರಡನೆಯವನೂ ಅದೇ ಕಂಪನಿ ಎಂದ. ಮೂರನೆಯವಳೂ ಅದೇ ಎಂದಳು. ಅಷ್ಟರಲ್ಲಿ ನನ್ನ ನಗು ನಿಂತಿತ್ತು. ಅವರ ಮುಖದಲ್ಲಿ ತಮಾಷೆಯೇ ಇರಲಿಲ್ಲ. ಕಣ್ಣು ಒದ್ದೆ ಇತ್ತು.

ನಾಲ್ಕನೆಯವಳು ರಾಯಚೂರಿನ ಹುಡುಗಿ. ನಮ್ಮ ಪ್ರೋಗ್ರಾಮುಗಳ ತಪ್ಪು ಹುಡುಕುವ ಕೆಲಸ ಅವಳದು. ಅವ್ವನ ಕಾಲು ಮುಟ್ಟಿದಳು. ನನ್ನ ಕಾಲಿಗೂ ಬಗ್ಗಿದಳು. ನನ್ನ ಕೈ ಹಿಡಿದುಕೊಂಡು ಕನ್ನಡದಲ್ಲಿ ಹೇಳಿದಳು.

"ಅಕ್ಕಾ, ನೀವು ಅತ್ತುಕೋತ ಒಪ್ಪಿದ್ರಿ ಅಂತ ಅಕಿ ಹೇಳಿದಾಗ ನಾವೆಲ್ಲಾ ಭಾಳ ಅತ್ವಿರಿ. ಅಕ್ಕನ ಮುಂದ ಈ ಮಾತು ಎತ್ತಬ್ಯಾಡ್ರಿ, ಮತ್ತ ಅಳ್ತಾರ ಅಂದಿದ್ಲು. ಯಾ ಲೀಡ್ ಹಿಂಗ ಮನಿಗೆ ಕರದು, ಆರತಿ ಮಾಡಿ ಕಳಸ್ತಾರ ಹೇಳ್ರಿ?"

ಆಗ ತಿಳಿಯಿತು, ಆ ಟೈ, ಆ ಬೂಟು, ಆ ಒಂದು ದಿನದ ಜ್ವರ ಎಲ್ಲ ಸಂದರ್ಶನಕ್ಕೆ ಎಂದು. ಇದು ಅವರನ್ನು ಉಳಿಸಿಕೊಳ್ಳಲು ನಾನು ಮಾಡಿದ ಕೂಟ ಎಂದು ನಾನು ತಿಳಿದಿದ್ದೆ. ಇದು ತಮ್ಮನ್ನು ಬೀಳ್ಕೊಡಲು ನಾನು ಮಾಡಿದ ಕೂಟ ಎಂದು ಅವರು ತಿಳಿದಿದ್ದರು. ಅವರಿಗೆ ಹಾಗೆ ತಿಳಿಸಿದವಳು ಸಾಲಿನ ಕೊನೆಯಲ್ಲಿ, ಬೆಕ್ಕಿನ ಮುಖವಾಡ ಹಾಕಿಕೊಂಡೇ ನಿಂತಿದ್ದಳು. ನಾನು ಅತ್ತದ್ದು, ಒಪ್ಪಿದ್ದು, ಹರಸಿದ್ದು ಎಲ್ಲವನ್ನೂ ಅವಳೇ ಕಟ್ಟಿ, ನಾನಿಲ್ಲದಾಗ ಇವರ ಮುಂದೆ ಆಡಿ ತೋರಿಸಿದ್ದಳು.

ಕೈಯಲ್ಲಿದ್ದ ಭರಣಿ ವಾಲಿತು. ಕುಂಕುಮ ಒಂದಿಷ್ಟು ನೆಲಕ್ಕೆ ಚೆಲ್ಲಿತು. ಬಾಯಿ ಬಿಟ್ಟು ಕೂಗಬೇಕು ಅನ್ನಿಸಿತು. ನನ್ನ ಸ್ವಭಾವಕ್ಕೆ ಕೂಗಲೇಬೇಕಿತ್ತು. ಏಕೆ ಕೂಗಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಆ ಹುಡುಗಿ ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡು ನಿಂತಿದ್ದಳು. ನನಗೆ ಏನೂ ಗೊತ್ತಿರಲಿಲ್ಲ ಎಂದು ಅವಳಿಗೆ ಹೇಳಿದ್ದರೆ ಅವರೆಲ್ಲ ಅಲ್ಲೇ ಕುಸಿಯುತ್ತಿದ್ದರು. ಇನ್ನೊಂದು ಕಾರಣವೂ ಇತ್ತು. ನನ್ನದೇ ಮನೆಯಲ್ಲಿ, ನನ್ನವ್ವನ ಮುಂದೆ, ನನ್ನನ್ನು ಎಲ್ಲರೂ ಪಾಪ ಎಂದು ನೋಡುವುದು ನನಗೆ ಬೇಕಿರಲಿಲ್ಲ. ಅವ್ವನಿಗೆ ಇಂಗ್ಲಿಷ್ ಬಾರದು. ಹಿಂದಿನ ಹಾಗೇ ವಿಭಾಗದ ಹೆಸರು ಹೇಳುತ್ತಿದ್ದಾರೆ ಎಂದುಕೊಂಡು ಒಬ್ಬೊಬ್ಬರಿಗೂ ಮನಸ್ಸಿಟ್ಟು ಆರತಿ ಎತ್ತುತ್ತಿದ್ದಳು. ರಾಯಚೂರಿನ ಹುಡುಗಿಯ ಕನ್ನಡ ಕಿವಿಗೆ ಬಿದ್ದಿದ್ದರೂ, ಹೆಣ್ಣುಮಗಳು ಎಲ್ಲೋ ಊರಿಗೆ ಹೊರಟಿದ್ದಾಳೆ ಎಂದು ತಿಳಿದಳು.

ಕೊನೆಗೆ ಗೆಳತಿ ಬಂದಳು. ಮುಖವಾಡ ತೆಗೆದಳು. ಹೆಸರು ಹೇಳಿದಳು. ಆ ಕಂಪನಿಯ ಹೆಸರು ಹೇಳಿದಳು. ಯಾರೋ ಹಿಂದಿನಿಂದ "ಟೀಮ್ ಲೀಡ್!" ಎಂದು ಕೂಗಿ ಚಪ್ಪಾಳೆ ಹೊಡೆದರು. ಅವಳು ನನ್ನನ್ನು ನೋಡಲಿಲ್ಲ, ಅವ್ವನ ತಟ್ಟೆಯನ್ನು ನೋಡುತ್ತಿದ್ದಳು. ಅವ್ವ ಅವಳ ಗಲ್ಲ ಸವರಿ, ಉಳಿದವರಿಗಿಂತ ಒಂದು ಸುತ್ತು ಹೆಚ್ಚೇ ಎತ್ತಿದಳು. ಕುಂಕುಮವನ್ನು ನಾನು ಇಡಬೇಕಿತ್ತು. ಇಟ್ಟೆ. ಬೆರಳು ಒತ್ತಿಯೇ ಇಟ್ಟೆ.

ಆಮೇಲೆ ನನ್ನ ಸರದಿ. ಮುಖವಾಡ ತೆಗೆದು ನನ್ನ ಹೆಸರು ಹೇಳಿದೆ. ನಮ್ಮ ಕಂಪನಿಯ ಹೆಸರು ಹೇಳಿದೆ. ಆ ಹೆಸರು ಹೇಳಿದವಳು ನಾನೊಬ್ಬಳೇ. ಎಲ್ಲರಿಗಿಂತ ಜೋರಾದ ಚಪ್ಪಾಳೆ ನನಗೇ ಬಿತ್ತು.

ಬಿಸಿಲು ಇಳಿಯುವ ಮೊದಲೇ ಎಲ್ಲರೂ ಹೋದರು. ಅವಳು ಹೋಗಲಿಲ್ಲ. ಯಾವಾಗಲೂ ಹಾಗೇ, ಪಾತ್ರೆ ತೊಳೆದಿಟ್ಟೇ ಹೋಗುವವಳು. ಅಡುಗೆಮನೆಯಲ್ಲಿ ಲೋಟ ತೊಳೆಯುತ್ತ, ನನಗೆ ಬೆನ್ನು ಮಾಡಿಯೇ ಮಾತಾಡಿದಳು.

"ಮುಂಜಾನಿ ಹೇಳ್ಬೇಕಂತ ಮಾಡಿದ್ದೆ."

"ಯಾ ಮುಂಜಾನಿ? ಇಷ್ಟು ದಿನ ಮುಂಜಾನಿ ಆಗಲೇ ಇಲ್ಲೇನು?"

"ಆ ಕಂಪನಿಯವ್ರಿಗಿ ಪೂರಾ ಟೀಮ್ ಬೇಕಾಗಿತ್ತು. ಲೀಡ್ ಒಬ್ರೇ ಸಾಕು ಅಂದ್ರು."

"ಆ ಒಬ್ಬಾಕಿ ನೀ ಆದಿ."

ಅವಳು ನಳ ಜೋರಾಗಿ ಬಿಟ್ಟಳು. ಆಮೇಲೆ ತಾನೇ ಬಂದ್ ಮಾಡಿದಳು.

"ನೀನಾದ್ರೂ ಇದೇ ಮಾಡ್ತಿದ್ದಿ."

"ನಾ ಹೋಗ್ತಿದ್ದಿಲ್ಲ. ಹೋಗೋದಾದ್ರೂ ನಿಂಗ ಹೇಳಿ ಹೋಗ್ತಿದ್ದೆ. ಹೋಗು, ಅದು ನಿನ್ನ ಹಣೇಬರ. ನಾ ಅತ್ತೆ, ನಾ ಒಪ್ಪಿದೆ ಅಂತ ಯಾಕ ಹೇಳಿದಿ?"

"ಏನರ ಹೇಳ್ಬೇಕಿತ್ತಲ್ಲ ಅವ್ರಿಗಿ," ಎಂದಳು.

ಅಷ್ಟೇ. ನಾನು ಬಾಯಿಗೆ ಬಂದದ್ದನ್ನೆಲ್ಲ ಅನ್ನಬೇಕೆಂದು ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ಅವ್ವ ಒಳಗೆ ಬಂದಳು. ಕೈಯಲ್ಲಿ ಸ್ಟೀಲಿನ ಡಬ್ಬಿ. "ಶೇಂಗಾ ಹೋಳಿಗಿ ಐತಿ. ಹಾಸ್ಟೆಲಿನ ಅಡಿಗಿ ಉಣಬ್ಯಾಡ ಇವತ್ತು," ಎಂದು ಅವಳ ಕೈಗಿಟ್ಟಳು. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಡಬ್ಬಿ ತಗೊಂಡಳು. ಬೇಡ ಎನ್ನಬಹುದಿತ್ತು. ಅನ್ನಲಿಲ್ಲ. "ಬರ್ತೀನಿ ಕಾಕು," ಎಂದು ಹೋದಳು. ಅದನ್ನು ನೆನೆದರೆ ನನಗೆ ಉಳಿದದ್ದೆಲ್ಲಕ್ಕಿಂತ ಹೆಚ್ಚು ಸಿಟ್ಟು ಬರುತ್ತದೆ. ಅವಳು ನನ್ನ ಕುರ್ಚಿ ತೆಗೆದುಕೊಂಡದ್ದನ್ನು ನಾನು ಯಾವತ್ತಾದರೂ ಮರೆತೇನು. ಏನೂ ಅರಿಯದ ಮುದುಕಿಯ ಕೈಯಿಂದ ಅವತ್ತು ಹೋಳಿಗೆ ತೆಗೆದುಕೊಂಡು ಹೋದದ್ದನ್ನು ಮರೆಯಲಾರೆ.

ಆ ಸಂಜೆ ನಾನೊಬ್ಬಳೇ ಪರದೆ ಬಿಚ್ಚಿದೆ. ಅವ್ವ ಎರಡು ಸಲ ಏನಾಯಿತೆಂದು ಕೇಳಿದಳು. ತಲೆನೋವು ಎಂದೆ. ವಿಷಯ ಅವಳಿಗೆ ತಿಳಿದದ್ದು ಆಮೇಲೆ, ಶನಿವಾರಗಳು ಒಂದಾದ ಮೇಲೊಂದು ಕಳೆದರೂ ಗೆಳತಿ ಊಟಕ್ಕೆ ಬಾರದಿದ್ದಾಗ.

ಸೋಮವಾರ ಮ್ಯಾನೇಜರ್ ನನ್ನನ್ನು ಕರೆದರು. ಎಲ್ಲರ ರಾಜೀನಾಮೆ ಒಟ್ಟಿಗೇ ಬಂದಿತ್ತು. ನಿಮಗೆ ಗೊತ್ತಿತ್ತಾ ಎಂದು ಕೇಳಿದರು. ಗೊತ್ತಿರಲಿಲ್ಲ ಎಂದೆ. ಅವರು ನಂಬಲಿಲ್ಲ. ನಿಮ್ಮ ಮನೆಯಲ್ಲೇ ಬೀಳ್ಕೊಡುಗೆ ಆಯಿತಂತಲ್ಲ ಎಂದರು. ಯಾರೋ ಫೋಟೋ ಕೂಡ ತೋರಿಸಿದ್ದರಂತೆ, ನಾನು ಕುಂಕುಮ ಇಡುತ್ತಿರುವುದು. ಎರಡನೇ ಹಂತದ ಕೆಲಸ ಕೈತಪ್ಪಿತು. ನನ್ನನ್ನು ಲೀಡ್ ಕೆಲಸದಿಂದ ತೆಗೆದು ಬೇರೊಂದು ಟೀಮಿನ ಮೂಲೆಯಲ್ಲಿ ಕೂರಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ನೋಟಿಸಿನ ದಿನಗಳಲ್ಲಿ ಗೆಳತಿ ಬೇರೆ ಬಸ್ಸು ಹಿಡಿಯತೊಡಗಿದಳು. ಉಳಿದವರು ಮಾತ್ರ ದಿನಾ ನನ್ನ ಮೇಜಿಗೆ ಬಂದು ಚಹಾಕ್ಕೆ ಕರೆಯುತ್ತಿದ್ದರು. ನಾನು ಹೋಗುತ್ತಿದ್ದೆ. ಹೋಗದಿದ್ದರೆ ಕಾರಣ ಹೇಳಬೇಕಾಗುತ್ತಿತ್ತು.

ಕೊನೆಯ ದಿನ ರಾಯಚೂರಿನ ಹುಡುಗಿ ಕ್ಯಾಂಟೀನಿನಲ್ಲಿ ನನ್ನ ಎದುರು ಬಂದು ಕೂತಳು. ಅವಳ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ಚಮಚೆಯಿಂದ ಅದನ್ನು ಕೆದಕಿದಳು.

"ಅಕ್ಕಾ, ಒಂದು ಮಾತು ಹೇಳ್ಲಿಕ್ಕೇ ಬೇಕು. ನಮಗೆ ಯಾರಿಗೂ ಹೋಗೋ ಮನಸ್ಸೇ ಇದ್ದಿಲ್ರಿ. ಅಕಿ ಮೊದಲನೇ ಸಲ ಕೇಳಿದಾಗ ನಾವೆಲ್ಲಾ ಒಂದೇ ಮಾತು ಹೇಳಿದ್ವಿ, ಅಕ್ಕನ್ನ ಕೇಳ್ಕೊಂಡು ಬಾ, ಅಕ್ಕ ಬ್ಯಾಡ ಅಂದ್ರ ನಾವು ಬರಂಗಿಲ್ಲ ಅಂತ." ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು. "ನೀವು ಬ್ಯಾಡ ಅಂತೀರಿ ಅಂತನೇ ಅನ್ಕೊಂಡಿದ್ವಿರಿ. ಅಕಿ ನಿಮ್ಮನ್ನ ಕೇಳಿದ್ಲಲ್ರಿ, ಅಕ್ಕಾ?"

ಸುತ್ತಲೂ ಉಳಿದವರೆಲ್ಲ ಕೂತಿದ್ದರು. ಹೊಸ ಕೆಲಸದ ಕಾಗದಕ್ಕೆ ಆಗಲೇ ಸಹಿ ಹಾಕಿ ಆಗಿತ್ತು.

"ಹೂಂ," ಎಂದೆ. "ಕೇಳಿದ್ಲು."